ದಳವಾಯಿ ಸೇತುವೆಯ ಪ್ರತಿಕೃತಿ

ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಯ ಮಗ್ಗುಲಲ್ಲಿ, ಜ್ಞಾನಭಾರತಿಯೆಂಬ ಹೆಸರಿನ ಪ್ರದೇಶವುಂಟು. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾನಿಲಯವು ತನ್ನ ಆವರಣಕ್ಕೆಂದು ಇಟ್ಟುಕೊಂಡ ಹೆಸರು ಅದು. ಬರಬರುತ್ತ ಸುತ್ತಣ ಬಡಾವಣೆಗೂ, ರೈಲಿನ ಚಿಕ್ಕದೊಂದು ನಿಲ್ದಾಣಕ್ಕೂ, 2021ರಿಂದ ಈಚೆಗೆ ಮೆಟ್ರೋ ನಿಲ್ದಾಣಕ್ಕೂ ಹಬ್ಬಿತು. ಅಲ್ಲಿಯ ಮನೆಗಳವರಿಗೆ ಮೈಸೂರಿನ ಕಡೆಗೆ ಹೋಗುವ ಗಾಡಿಗಳ ಕೂಗು ಗಡಿಯಾರದ ಗಂಟೆಯಷ್ಟೇ ರೂಢಿಯಾಗಿರುವುದು. ಈ ಬಡಾವಣೆಯ ಒಂದು ಮನೆಯ ಮಹಡಿಯ ಕೋಣೆಯಲ್ಲಿ, ಹೈಸ್ಕೂಲಿನಲ್ಲಿ ಮೂವತ್ತು ವರ್ಷಕಾಲ ಚಿತ್ರಕಲೆಯನ್ನು ಕಲಿಸಿ ನಿವೃತ್ತರಾದ ಮೇಷ್ಟರೊಬ್ಬರು ಕಳೆದ ವರ್ಷದ ಜ್ಯೇಷ್ಠಮಾಸದಿಂದ ಮಹಾಲಯ ಅಮಾವಾಸ್ಯೆಯವರೆಗೆ ಒಂದೇ ಒಂದು ಚಿತ್ರವನ್ನು ಬರೆದರು. ಅದು ಸ್ವಂತ ಕಲ್ಪನೆಯದೂ ಅಲ್ಲ. ಹಳೆಯದೊಂದು ಫೋಟೋವನ್ನು ಮುಂದಿಟ್ಟುಕೊಂಡು ಎಣ್ಣೆಬಣ್ಣದಲ್ಲಿ ತೆಗೆದ ಪ್ರತಿ. ನಕಲು ತೆಗೆಯುವ ಕೆಲಸಕ್ಕೆ ಅಷ್ಟು ಕಾಲ ಏಕೆ ಹಿಡಿಯಿತೆಂದು ಓದುಗರು ಕೇಳಬಹುದು.

ಫೋಟೋ ನಂಜನಗೂಡಿನ ಹಳೆಯ ಸೇತುವೆಯದು. ಜ್ಞಾನಭಾರತಿಯ ಮುಂದೆ ಹಾದುಹೋಗುವ ರೈಲುದಾರಿಯೇ ಮೈಸೂರನ್ನು ದಾಟಿ ನಂಜನಗೂಡಿನ ಮೇಲೆ ಚಾಮರಾಜನಗರವನ್ನು ಮುಟ್ಟುವುದು. ಧಾತು ಈಶ್ವರ ಸಂವತ್ಸರಗಳ ಭಯಂಕರವಾದ ಬರದಲ್ಲಿ, ಎಂದರೆ 1876ರಿಂದ 78ರವರೆಗೆ, ಹಸಿದವರಿಗೆ ಕೂಲಿ ಕೊಡುವುದಕ್ಕೆಂದು ಮಣ್ಣುಕೆಲಸ ಹಿಡಿದ ದಾರಿ ಇದು. 1882ರಲ್ಲಿ ಮೈಸೂರನ್ನು ಸೇರಿತು. ಮೈಸೂರಿನಿಂದ ನಂಜನಗೂಡಿನ ಕಡೆಗೆ 1891ರಲ್ಲಿ ಗಾಡಿ ಓಡಿತು. ಆ ಶತಮಾನವು ಮುಗಿಯುವ ಮೊದಲೇ ಕಪಿಲೆಯ ಮೇಲಣ ಸೇತುವೆಗೂ ಹಳಿ ಬಿದ್ದಿತು. ವಿಶೇಷವೇನೆಂದರೆ, ಆ ಸೇತುವೆ ರೈಲಿಗಾಗಿ ಕಟ್ಟಿದ್ದಲ್ಲ. ಕಳಲೆಯ ಮನೆತನದ ದಳವಾಯಿ ದೇವರಾಜಯ್ಯನು ಅದನ್ನು 1735ರಲ್ಲಿ ಕಟ್ಟಿಸಿದಾಗ, ಹಳಿಯ ಮೇಲೆ ಓಡುವ ಉಗಿಬಂಡಿಯೆಂಬುದು ಲೋಕದಲ್ಲಿಯೇ ಹುಟ್ಟಿರಲಿಲ್ಲ. ಇಂಗ್ಲೆಂಡಿನ ಸ್ಟಾಕ್ಟನ್ ಡಾರ್ಲಿಂಗ್ಟನ್ ರೈಲು ಹೊರಟದ್ದು 1825ರಲ್ಲಿ. ಎತ್ತಿನ ಗಾಡಿಗೂ ಯಾತ್ರಿಕರ ಕಾಲಿಗೂ ಎಂದು ಎಬ್ಬಿಸಿದ ಐವತ್ತಾರು ಕಲ್ಲುಕಂಬಗಳು ನೂರೈವತ್ತು ವರ್ಷಗಳ ಅನಂತರ ಮೀಟರ್‌ಗೇಜಿನ ಎಂಜಿನ್ನನ್ನು ಹೊತ್ತುವು. ಹೊತ್ತದ್ದಲ್ಲದೆ ನೂರು ವರ್ಷಕ್ಕೂ ಮೀರಿ ಹೊತ್ತುಕೊಂಡೇ ಇದ್ದುವು. ಒಂದು ಮಗ್ಗುಲಿಗೆ ರೈಲು, ಇನ್ನೊಂದು ಮಗ್ಗುಲಿಗೆ ರಸ್ತೆ. ಉದ್ದ ಸುಮಾರು 225 ಮೀಟರು. ಈ ಶತಮಾನದ ಮೊದಲ ದಶಕದಲ್ಲಿ ದಾರಿ ಬ್ರಾಡ್‌ಗೇಜಿಗೆ ಬದಲಾದಾಗ ಬೇರೆ ಸೇತುವೆಯಾಯಿತು. ಹಳೆಯದು ಈಗ ಪರಂಪರೆಯ ಸ್ಮಾರಕವಾಗಿ ವಿಶ್ರಾಂತಿ ಪಡೆಯುತ್ತಿದೆ. ದೇವರಾಜಯ್ಯನ ತಮ್ಮ ಕರಾಚೂರಿ ನಂಜರಾಜಯ್ಯನ ಹೆಸರಿನಲ್ಲಿ ನೃಸಿಂಹಕವಿಯು ‘ನಂಜರಾಜಯಶೋಭೂಷಣ’ವೆಂಬ ಅಲಂಕಾರಗ್ರಂಥವನ್ನು ಬರೆದನು. ಅದನ್ನು ಓದುವವರು ಈಗ ಊರಿಗೊಬ್ಬರೂ ಇಲ್ಲ. ಅಣ್ಣನ ಸೇತುವೆಯನ್ನು ಮಾತ್ರ ಅಕ್ಷರ ಬಾರದವರೂ ದಾಟಿದರು.

ಮೇಷ್ಟರ ಕೈಗೆ ಬಂದ ಫೋಟೋ ಅಂಗೈಗಿಂತ ತುಸು ದೊಡ್ಡದು, ಗಾಜಿನ ಫಲಕದಿಂದ ಅಚ್ಚು ತೆಗೆದದ್ದು. ರೈಲ್ವೆಯ ಹಳೆಯ ವಸತಿಯೊಂದನ್ನು ಖಾಲಿಮಾಡುವಾಗ ಕಸದೊಡನೆ ಹೋಗಲಿದ್ದುದನ್ನು ಅವರ ಅಣ್ಣ ಎತ್ತಿಟ್ಟುಕೊಂಡಿದ್ದರು. ಅಂಟಿಸಿದ ರಟ್ಟಿನ ಕೆಳಗೆ ಸೇತುವೆಯ ಹೆಸರು ಇಂಗ್ಲಿಷಿನಲ್ಲಿದೆ. ಇಸವಿಯಿದ್ದ ಮೂಲೆಯನ್ನು ಗೆದ್ದಲು ತಿಂದಿದೆ. ಸೇತುವೆಯ ನಡುವೆ ಗಾಡಿಯೊಂದು ನಿಂತಿದೆ, ಚಿತ್ರಕ್ಕೆಂದೇ ನಿಲ್ಲಿಸಿದಂತಿದೆ. ಡಬ್ಬಿಗಳ ಗೆರೆಯೆಲ್ಲ ಸ್ಫುಟವಾಗಿದ್ದು ಹೊಗೆ ಮಾತ್ರ ಅರಳೆಯಂತೆ ಹರಡಿದೆ. ಕೆಳಗೆ ಕಪ್ಪನೆಯ ನೀರು. ಮೇಲೆ ವಿಭೂತಿಯಂತೆ ಬಿಳಿಯ ಆಕಾಶ. ಸೇತುವೆಯ ಆಚೆಯ ಕೊನೆಯಲ್ಲಿ, ಹಳಿಯ ಪಕ್ಕದಲ್ಲಿ, ಎಳ್ಳಿನಷ್ಟು ಗಾತ್ರದ ಬೆಳ್ಳನೆಯ ಮಸುಕೊಂದು ಇದೆ.

ಆ ಮಸುಕೇ ತಮ್ಮ ತಂದೆಯೆಂದು ಅಣ್ಣ ಹೇಳಿದರು.

ತಂದೆ ರೈಲ್ವೆಯಲ್ಲಿ ಕೀಮನ್ ಆಗಿದ್ದವರು. ದಿನವೂ ಬೆಳಗಾಗುವ ಮೊದಲೇ ಸುತ್ತಿಗೆಯನ್ನು ಹೆಗಲ ಮೇಲಿಟ್ಟು, ಕೆಂಪು ಹಸುರು ಬಾವುಟಗಳನ್ನು ಸುತ್ತಿ ಕಂಕುಳಲ್ಲಿ ಇರುಕಿಕೊಂಡು, ತಮ್ಮ ಪಾಲಿನ ಹಳಿಯ ಉದ್ದಕ್ಕೂ ನಡೆದು, ಸಡಿಲವಾದ ಬೆಣೆಗಳನ್ನು ಬಡಿದು ಬಿಗಿಮಾಡುವುದು ಅವರ ಕೆಲಸ. ಹೊಳೆ ಏರಿದ ರಾತ್ರಿಗಳಲ್ಲಿ ಲಾಂದ್ರವನ್ನು ಹಿಡಿದು ಸೇತುವೆಯ ಬಾಯಲ್ಲಿ ಕಾವಲಿರುವುದೂ ಉಂಟು. 1961ರಲ್ಲಿ ಅವರು ತೀರಿಕೊಂಡಾಗ ಹಿರಿಯ ಮಗನಿಗೆ ಹದಿನಾರು ವರ್ಷ, ಕಿರಿಯನಿಗೆ ನಾಲ್ಕು. ಹಿರಿಯರು ಓದನ್ನು ಬಿಟ್ಟು ಗ್ಯಾಂಗಿನಲ್ಲಿ ಸೇರಿ, ಕೊನೆಗೆ ಮೇಸ್ತ್ರಿಯಾಗಿ ನಿವೃತ್ತರಾದರು; ಕಿರಿಯರನ್ನು ಮೈಸೂರಿಗೆ ಕಳುಹಿಸಿ ಚಿತ್ರಕಲೆಯನ್ನು ಓದಿಸಿದ್ದು ಅವರ ಸಂಬಳವೇ. ತಂದೆಯದೆಂಬ ಒಂದು ಫೋಟೋವೂ ಆ ಮನೆಯಲ್ಲಿ ಇಲ್ಲ. ಪಿತೃಪಕ್ಷದ ಎಡೆಯನ್ನು ಇತರರು ಹಿರಿಯರ ಪಟದ ಮುಂದೆ ಹಾಕುವರು. ಇವರು ಹೊಸ ಪಂಚೆ ಅಂಗಿಗಳನ್ನು ಮಡಿಸಿಟ್ಟು ಅದರ ಮುಂದೆ ಹಾಕುತ್ತ ಬಂದವರು. ಕಿರಿಯರಿಗೆ ತಂದೆಯ ಮುಖವು ನೆನಪಿಲ್ಲ. ನೆನಪಿರುವ ಹಿರಿಯರಿಗೆ ಈಗ ಎಂಬತ್ತು, ಕಣ್ಣಿಗೆ ಗ್ಲಾಕೋಮಾ. ಸುತ್ತಲಿಂದ ಕತ್ತಲೆಯು ಮುಚ್ಚಿಕೊಳ್ಳುತ್ತ ಬಂದು ನಡುವೆ ರೂಪಾಯಿಯಗಲದ ಬೆಳಕು ಉಳಿದಿದೆ. ಫೋಟೋದೊಳಗಿನ ಎಳ್ಳು ಇನ್ನು ಅವರಿಗೆ ಸಿಕ್ಕದು. ಆದುದರಿಂದ ಅದನ್ನು ದೊಡ್ಡದಾಗಿ, ಬಣ್ಣದಲ್ಲಿ, ಬರೆದುಕೊಡೆಂದು ಕೇಳಿದರು. ತಮ್ಮನಿಂದ ಅವರು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದೇ ಎಂದು ಮೇಷ್ಟರ ಮನೆಯವರು ಹೇಳುವರು.

ಫೋಟೋವಿಗೆ ಬಣ್ಣ ಹಾಕುವ ಪದ್ಧತಿ ಹೊಸದಲ್ಲ. 1839ರಲ್ಲಿ ದಾಗೆರನ ವಿದ್ಯೆಯು ಪ್ರಕಟವಾದ ಕೆಲವೇ ವರ್ಷಗಳಲ್ಲಿ ಅದರ ಬೂದುಬಣ್ಣವನ್ನು ಸಹಿಸಲಾರದೆ ಕುಂಚವನ್ನು ಹಿಡಿದವರು ಯೂರೋಪಿನಲ್ಲಿ ಹುಟ್ಟಿಕೊಂಡರು. ಜಪಾನಿನ ಯೋಕೊಹಾಮದಲ್ಲಿ ಅದೊಂದು ಕೈಗಾರಿಕೆಯೇ ಆಯಿತು. ನಮ್ಮ ನಾಡಿನ ಸ್ಟುಡಿಯೋಗಳಲ್ಲಿಯೂ ಅಜ್ಜ ಅಜ್ಜಿಯರ ಪಟವನ್ನು ಹಿಗ್ಗಿಸಿ, ತೆಳ್ಳನೆಯ ಬಣ್ಣವನ್ನು ಹತ್ತಿಯಿಂದ ಸವರಿ ಕೊಡುತ್ತಿದ್ದರು. ಕೆನ್ನೆಗೆ ಕೆಂಪು, ಸೀರೆಯ ಅಂಚಿಗೆ ಚಿನ್ನ. ಅಜ್ಜಿ ಬದುಕಿದ್ದಷ್ಟು ಕಾಲವೂ ನೂಲಿನ ಸೀರೆಯನ್ನೇ ಉಟ್ಟವರಾದರೂ ಪಟದಲ್ಲಿ ಅವರಿಗೆ ಜರಿಯಂಚು ತಪ್ಪದು. ಇದನ್ನು ಸುಳ್ಳೆಂದು ಯಾರೂ ಬೈದದ್ದಿಲ್ಲ. ಮೇಷ್ಟರು ಮಾತ್ರ ಆ ಬಗೆಯ ಕೆಲಸವನ್ನು ಹೇಸುತ್ತಿದ್ದವರು. ಕಣ್ಣಿಗೆ ಕಂಡುದನ್ನು ಮಾತ್ರ ಬರೆಯಿರಿ ಎಂದು ಮೂವತ್ತು ವರ್ಷ ಹುಡುಗರಿಗೆ ಹೇಳಿದ ಬಾಯಿ ಅದು.

ನಾಲ್ಕು ಅಡಿ ಅಗಲದ ಕ್ಯಾನ್ವಾಸನ್ನು ಬಿಗಿದು, ಫೋಟೋದ ಮೇಲೆ ಗೆರೆಯೆಳೆದ ಪಾರದರ್ಶಕ ಹಾಳೆಯನ್ನಿಟ್ಟು, ಇಲ್ಲಿಯ ಒಂದೊಂದು ಚೌಕವನ್ನು ಅಲ್ಲಿಯ ಒಂದೊಂದು ಚೌಕಕ್ಕೆ ಸಾಗಿಸುತ್ತ ಹೋದರು. ಕಾಮಸೂತ್ರಕ್ಕೆ ಜಯಮಂಗಳಾ ವ್ಯಾಖ್ಯಾನವನ್ನು ಬರೆದ ಯಶೋಧರನು ಚಿತ್ರಕ್ಕೆ ಆರು ಅಂಗಗಳನ್ನು ಹೇಳಿರುವನು: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನ, ಸಾದೃಶ್ಯ, ವರ್ಣಿಕಾಭಂಗ. ಮೊದಲನೆಯ ಎರಡನ್ನು ಚೌಕದ ಗೆರೆಗಳೇ ಒದಗಿಸಿಕೊಡುವುವು. ಕೊನೆಯದಾದ ವರ್ಣಿಕಾಭಂಗಕ್ಕೆ, ಎಂದರೆ ಬಣ್ಣದ ವಿಂಗಡಣೆಗೆ, ಬಂದಾಗಲೇ ತೊಡಕು ಹುಟ್ಟಿತು. ಫೋಟೋದಲ್ಲಿ ನೀರು ಕಪ್ಪಗಿದೆ. ಕಪ್ಪಗಿರುವ ನೀರು ಆಳವಾದ ನೀರು, ಮಾಗಿಯ ತಿಳಿನೀರು, ಎಂದು ತರ್ಕಿಸಿದ ಮೇಷ್ಟರು ಹಸುರು ಬೆರೆತ ನೀಲಿಯಿಂದ ಹೊಳೆಯನ್ನು ಒಂದು ತಿಂಗಳು ಕುಳಿತು ಬರೆದರು. ಬಲು ಚೆನ್ನಾಗಿತ್ತೆಂದು ನೋಡಿದವರ ಮಾತು.

ಕಣ್ಣನ್ನು ತೋರಿಸಿಕೊಳ್ಳಲೆಂದು ಆಷಾಢದಲ್ಲಿ ಬೆಂಗಳೂರಿಗೆ ಬಂದ ಅಣ್ಣ ಮಹಡಿಯನ್ನು ಹತ್ತಿ, ಕ್ಯಾನ್ವಾಸಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಎಡದಿಂದ ಬಲಕ್ಕೆ ಅಂಗುಲ ಅಂಗುಲವಾಗಿ ನೋಡಿದರು. ಅವರ ಕಣ್ಣಿನ ಈಗಿನ ಶಕ್ತಿಗೆ ಒಂದು ಸಲಕ್ಕೆ ಒಂದು ಚೌಕ. ತಮ್ಮನು ಬರೆದ ಕ್ರಮದಲ್ಲಿಯೇ ಅಣ್ಣನು ನೋಡಬೇಕಾಯಿತು.

“ಇದು ಯಾವ ಹೊಳೆ?” ಎಂದರು.

“ಕಪಿಲೆ ಅಣ್ಣಯ್ಯ.”

“ನೀರು ಕಂಬದ ಎಷ್ಟು ಎತ್ತರಕ್ಕೆ ಬಂದಿದೆ ನೋಡಿದೆಯಾ? ಅಷ್ಟು ಬಂದಾಗ ಅದು ಹೊಸನೀರು ಕಣಪ್ಪ. ಕೆಂಪಗಿರುತ್ತೆ. ಈಗ ಅಣೆಕಟ್ಟಾದಮೇಲೆ ಆ ಕೆಂಪು ಅಷ್ಟಿಲ್ಲ. ಆಗ ನೀರು ಅನ್ನೋ ಹಾಗಿರಲಿಲ್ಲ, ಮಣ್ಣೇ ಹರಿದಹಾಗೆ.”

“ಕೆಂಪಾಗಿದ್ದರೆ ಫೋಟೋದಲ್ಲಿ ಇಷ್ಟು ಕಪ್ಪಾಗಿ ಏಕೆ ಬೀಳುತ್ತದೆ?”

ಅದಕ್ಕೆ ಅಣ್ಣ ಉತ್ತರ ಕೊಡಲಿಲ್ಲ. ಉತ್ತರ ಅವರಿಗೆ ತಿಳಿಯುವಂತಹುದೂ ಅಲ್ಲ. ಅವರು ಬಲಗಡೆಗೆ ಸರಿದು ಸೇತುವೆಯ ಕೊನೆಯನ್ನು ಹುಡುಕಿದರು. ಫೋಟೋದ ಎಳ್ಳು ಕ್ಯಾನ್ವಾಸಿನಲ್ಲಿ ಹುಣಸೆಬೀಜದಷ್ಟಾಗಬೇಕು. ಅಲ್ಲಿ ಬರಿಯ ಚೌಕವಿತ್ತು.

“ಇಲ್ಲಿ ಅಪ್ಪನ್ನ ಬರಿ. ಸುತ್ತಿಗೆ ಬರಿ, ಬಾವುಟ ಬರಿ. ಮುಖ ಹೇಗಿತ್ತು ಅಂತ ನಾನು ಹೇಳುತ್ತೀನಿ.”

“ಅಣ್ಣಯ್ಯ, ಅದು ಮನುಷ್ಯನೋ ಗಾಜಿನ ಮೇಲಿನ ಗೀರೋ ಹೇಳುವುದಕ್ಕಾಗದು. ಭೂತಗಾಜು ಹಿಡಿದು ನೋಡಿದ್ದೇನೆ.”

“ಗೀರು ನೆಟ್ಟಗಿರುತ್ತೆ. ಇದು ಎಡಕ್ಕೆ ವಾಲಿತ್ತು. ಅಪ್ಪ ಹಾಗೇ ನಿಲ್ಲುತ್ತಿದ್ದುದು.”

“ಇಸವಿಯೇ ಇಲ್ಲ. ಅವರು ಕೆಲಸಕ್ಕೆ ಸೇರುವ ಮೊದಲೇ ತೆಗೆದದ್ದಾದರೆ? ಇಲ್ಲದ್ದನ್ನು ಹೇಗೆ ಬರೆಯಲಿ ನೀವೇ ಹೇಳಿ.”

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಿನಗೆ ಬೇಡ ಬಿಡು. ನೋಡಿದ್ದರಲ್ಲವೇ ಬೇಕಾಗೋದು,” ಎಂದು ಗೋಡೆಯನ್ನು ತಡವಿಕೊಂಡು ಕೆಳಗಿಳಿದರು. ಮಾರನೆಯ ದಿನ ಕಾಫಿಯನ್ನೂ ಕುಡಿಯದೆ ಊರಿಗೆ ಹೊರಟುಹೋದರು.

ಅಭಿಜ್ಞಾನಶಾಕುಂತಲದ ಆರನೆಯ ಅಂಕವನ್ನು ಓದಿದವರಿಗೆ ಇಂತಹ ಸಂದರ್ಭವು ಹೊಸದೆನಿಸದು. ಶಕುಂತಳೆಯನ್ನು ನಿರಾಕರಿಸಿ ಕಳುಹಿಸಿ, ಉಂಗುರದಿಂದ ನೆನಪು ಮರುಕಳಿಸಿದಮೇಲೆ, ದುಷ್ಯಂತನು ಅವಳ ಚಿತ್ರವನ್ನು ತಾನೇ ಬರೆದು ಮುಂದಿಟ್ಟುಕೊಳ್ಳುವನು. ಮತ್ತು ಇನ್ನೂ ಏನೇನು ಬರೆಯಬೇಕಾಗಿದೆಯೆಂದು ಒಂದೊಂದಾಗಿ ಹೇಳುವನು. ಮಾಲಿನೀನದಿ ಬರಬೇಕು, ಅದರ ಮರಳಿನಲ್ಲಿ ಹಂಸಗಳು ಬರಬೇಕು, ಹಿಮವಂತನ ತಪ್ಪಲಿನ ಜಿಂಕೆಗಳು ಬರಬೇಕು. ಚಿತ್ರದಲ್ಲಿ ಇಲ್ಲದುದನ್ನೇ ಅವನು ಹೆಚ್ಚಾಗಿ ನೋಡುತ್ತಿರುವನು. ಕೊನೆಗೆ ಬರೆದ ದುಂಬಿಯನ್ನೇ ಗದರಿಸತೊಡಗುವನು. ವಿದೂಷಕನು ಇದು ಚಿತ್ರವೆಂದು ನೆನಪಿಸಿದಾಗ ಅರಸನಿಗೆ ಸಂತೋಷವಾಗುವುದಿಲ್ಲ, ಕಣ್ಣೀರು ಬರುವುದು. ಆದರೆ ದುಷ್ಯಂತನಿಗೆ ನೆನಪೂ ಕೈಯೂ ಒಬ್ಬನಲ್ಲಿಯೇ ಇದ್ದುವು. ನಂಜನಗೂಡಿನ ಸಂಸಾರದಲ್ಲಿ ನೆನಪು ಒಬ್ಬರ ಪಾಲಿಗೆ, ಕೈ ಇನ್ನೊಬ್ಬರ ಪಾಲಿಗೆ. ಮೇಷ್ಟರು ವಿದೂಷಕನ ಮಾತನ್ನು ಆಡಿಬಿಟ್ಟರು. ಆಡಿದ ಮಾತು ನಿಜವೇ. ಆಡಿದ ಹೊತ್ತು ಸರಿಯಾಗಿರಲಿಲ್ಲ.

ಹಲವು ದಿನ ಕುಂಚವನ್ನು ಮುಟ್ಟದೆ ಕುಳಿತಿದ್ದ ಮೇಷ್ಟರನ್ನು ಮತ್ತೆ ಎಬ್ಬಿಸಿದ್ದು ಮನೆಯ ಗೋಡೆಯಲ್ಲಿದ್ದ ಬೇರೊಂದು ಪಟ. ಅವರ ಹೆಂಡತಿಯ ಅಜ್ಜಿಯದು. ಹಣೆಯ ಕುಂಕುಮ ಅದರಲ್ಲಿ ಕಾಡಿಗೆಯಷ್ಟು ಕಪ್ಪು. ಹಳೆಯ ಪಟಗಳಲ್ಲೆಲ್ಲ ಹೀಗೆಯೇ ಇರುವುದನ್ನು ಯಾರು ಕಂಡಿಲ್ಲ? ಹಿಂದಿನ ಕಾಲದ ಫಲಕಗಳ ಲೇಪವು ನೀಲಿಯ ಬೆಳಕನ್ನು ಬೇಗ ಹಿಡಿಯುವುದು, ಕೆಂಪನ್ನು ಬಹುಮಟ್ಟಿಗೆ ಅರಿಯದು. ಆದಕಾರಣ ನೀಲಿಯ ಆಕಾಶವು ಬೆಳ್ಳಗೆ, ಕೆಂಪು ಮಣ್ಣು ಕಪ್ಪಗೆ, ಕುಂಕುಮವೂ ಕಾಡಿಗೆಯೂ ಒಂದೇ ಆಗಿ ಬೀಳುವುವು. ಚಿತ್ರಕಲೆಯ ಮೇಷ್ಟರಿಗೆ ಈ ಸಂಗತಿ ತಿಳಿಯದೆ ಇರಲಿಲ್ಲ. ತಿಳಿದದ್ದು ಒದಗಿಬರಲಿಲ್ಲ, ಅಷ್ಟೆ. ಫೋಟೋದ ಕಪ್ಪುನೀರು ಕೆನ್ನೀರೇ ಆಗಿದ್ದಿರಬೇಕು. ಕಣ್ಣಿಲ್ಲದವರು ಹೇಳಿದ್ದು ಸರಿ, ಭೂತಗಾಜು ಹಿಡಿದವರು ಹೇಳಿದ್ದು ತಪ್ಪು.

ಶ್ರಾವಣದ ಒಂದು ದಿನ ಮೇಷ್ಟರು ಯಾರಿಗೂ ಹೇಳದೆ ನಂಜನಗೂಡಿಗೆ ಹೋದರು. ವಯನಾಡಿನಲ್ಲಿ ಮಳೆ ಹಿಡಿದಿತ್ತು. ಜಲಾಶಯದಿಂದ ನೀರು ಬಿಟ್ಟಿದ್ದರು. 1974ರಲ್ಲಿ ಕಬಿನಿಗೆ ಅಣೆಕಟ್ಟಾದ ಮೇಲೆ ಹೊಳೆಯ ಏರಿಳಿತವೆಲ್ಲ ಬಾಗಿಲಿನ ಲೆಕ್ಕ. ಆದರೂ ಬಣ್ಣವು ಬಂದಿತ್ತು. ಹಳೆಯ ಸೇತುವೆಯ ಕಣ್ಣುಗಳಲ್ಲಿ ಅದು ನುಗ್ಗುವುದನ್ನು ಮಧ್ಯಾಹ್ನದವರೆಗೆ ನೋಡಿ, ಸ್ನಾನಘಟ್ಟದಲ್ಲಿಳಿದು ಒಂದು ಸೀಸೆಯ ತುಂಬ ನೀರನ್ನು ಹಿಡಿದುಕೊಂಡರು. ಅಣ್ಣನ ಮನೆ ಅಲ್ಲಿಂದ ಕಾಲು ಮೈಲಿಯೂ ಇಲ್ಲ. ಹೋಗಲಿಲ್ಲ. ಇದನ್ನು ಅವರು ಅನಂತರ ತಮ್ಮ ತಪ್ಪುಗಳಲ್ಲಿ ದೊಡ್ಡದೆಂದು ಎಣಿಸುತ್ತಿದ್ದರು.

ಸಂಜೆ ಕೆಂಗೇರಿಯಲ್ಲಿ ಇಳಿಯುವ ಹೊತ್ತಿಗೆ ಸೀಸೆಯೊಳಗಿನ ಕೆಂಪೆಲ್ಲ ತಳಕ್ಕಿಳಿದು, ಮೇಲೆ ಬರಿಯ ನೀರು ನಿಂತಿತ್ತು. ಅಲುಗಿಸಿದರೆ ಹೊಳೆ, ಬಿಟ್ಟರೆ ಹತ್ತು ನಿಮಿಷದಲ್ಲಿ ತಿಳಿ. ಎಡಗೈಯಲ್ಲಿ ಸೀಸೆಯನ್ನು ಅಲುಗಿಸುತ್ತ ಕಿಟಕಿಯ ಬೆಳಕಿಗೆ ಹಿಡಿದು, ಬಲಗೈಯಲ್ಲಿ ಕಾವಿಗೆ ಹಳದಿಯನ್ನೂ ಸ್ವಲ್ಪ ಬಿಳಿಯನ್ನೂ ಬೆರಸಿ, ಸರಿಹೋಗುವವರೆಗೆ ಮೂರು ದಿನ ಕಳೆದರು. ಬಳಿಕ, ತಿಂಗಳು ಕುಳಿತು ಬರೆದಿದ್ದ ನೀಲಿಹೊಳೆಯನ್ನು ಚೂರಿಯಿಂದ ಕೆರೆದು ತೆಗೆದರು.

ಮಸುಕಿನ ಚೌಕವು ಹಾಗೆಯೇ ಉಳಿಯಿತು. ಭಾದ್ರಪದದ ಕೃಷ್ಣಪಕ್ಷವು ಕಾಲಿಟ್ಟಿತು. ಆ ದಿನಗಳಲ್ಲಿ ಒಂದು ರಾತ್ರಿ ಮೇಷ್ಟರು ಅಣ್ಣನಿಗೆ ಫೋನು ಮಾಡಿದರು. ಎರಡು ತಿಂಗಳ ಮೇಲೆ ಆಡಿದ ಮೊದಲ ಮಾತು ಅದು, ಕ್ಷೇಮಸಮಾಚಾರವನ್ನೂ ಕೇಳದೆ, “ಅಣ್ಣಯ್ಯ, ಅಪ್ಪ ಕೆಲಸಕ್ಕೆ ಹೋಗುವಾಗ ಯಾವ ಬಣ್ಣದ ಅಂಗಿ ಹಾಕುತ್ತಿದ್ದರು?” ಎಂದರು.

ಆ ಕಡೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಮೇಷ್ಟರು ಫೋನು ಕಡಿದುಹೋಯಿತೆಂದುಕೊಂಡರು.

“ನೀಲಿ. ಅಮ್ಮ ಒಗೆದು ಒಗೆದು ಬೆಳ್ಳಗಾಗಿದ್ದ ನೀಲಿ.”

ನೀಲಿಯು ಆ ಕಾಲದ ಫಲಕದಲ್ಲಿ ಬೆಳ್ಳಗೆ ಬೀಳುವುದಷ್ಟೆ. ಖಾಕಿಯೆಂದೋ ಕಾವಿಯೆಂದೋ ಅವರು ಹೇಳಿದ್ದರೆ ಮಸುಕು ಕಪ್ಪಗಿರಬೇಕಾಗಿತ್ತು. ಇದರಿಂದ ಆ ಮಸುಕು ತಂದೆಯೆಂದು ಸಿದ್ಧವಾಗುವುದಿಲ್ಲ. ತರ್ಕವನ್ನು ಬಲ್ಲವರು ಇದನ್ನು ಹೇತುವೆಂದು ಒಪ್ಪಲಾರರು. ಅಲ್ಲವೆಂದು ಹೇಳುವುದಕ್ಕೆ ಇದ್ದ ಒಂದು ದಾರಿ ಮುಚ್ಚಿತು, ಅ‌ಷ್ಟೇ. ಮೇಷ್ಟರು ಆಕಾರವನ್ನು ಫೋಟೋದಲ್ಲಿದ್ದಂತೆಯೇ, ಎಡಕ್ಕೆ ವಾಲಿದ ಹುಣಸೆಬೀಜದಂತೆಯೇ, ಇಟ್ಟರು. ಮೂಗು ಕಣ್ಣುಗಳನ್ನು ಬರೆಯಲಿಲ್ಲ, ಸುತ್ತಿಗೆಯಿಲ್ಲ, ಬಾವುಟವಿಲ್ಲ. ಬಣ್ಣವನ್ನು ಮಾತ್ರ ಅಣ್ಣ ಹೇಳಿದಂತೆ ಹಾಕಿದರು. ಚಿತ್ರಕ್ಕೆ ಅವರು ಕೊನೆಯದಾಗಿ ಇಟ್ಟ ಬಣ್ಣ ಇದು. ಇದು ಅರ್ಧ ಹಟ, ಅರ್ಧ ಶರಣಾಗತಿ ಎಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದು ಕಷ್ಟ.

ಎಣ್ಣೆಬಣ್ಣವು ಒಣಗಲು ದಿನಗಳು ಬೇಕು. ಅಮಾವಾಸ್ಯೆಗೆ ಎರಡೇ ದಿನವಿತ್ತು. ಕ್ಯಾನ್ವಾಸಿನ ನಾಲ್ಕು ಮೂಲೆಗಳಿಗೆ ಮರದ ಗೂಟಗಳನ್ನು ಬಡಿದು, ಬಟ್ಟೆ ತಾಗದಂತೆ ಮುಸುಕು ಹಾಕಿ, ಕೆಂಗೇರಿಯಲ್ಲಿ ಗಾಡಿ ಹತ್ತಿ, ಮೈಸೂರಿನಲ್ಲಿ ಬದಲಾಯಿಸಿ, ಬಾಗಿಲ ಬಳಿಯಲ್ಲಿ ನಿಂತೇ ಪ್ರಯಾಣ ಮಾಡಿದರು. ಹೊಸ ಸೇತುವೆಯ ಮೇಲೆ ಗಾಡಿ ಹಾಯುವಾಗ ಹಳೆಯದು ಪಕ್ಕದಲ್ಲಿಯೇ ಕಂಡಿತು. ಹಳಿಯ ಮಗ್ಗುಲಲ್ಲಿ ಒಬ್ಬ ಹುಡುಗ ಮೇಕೆಗಳನ್ನು ಮೇಯಿಸುತ್ತಿದ್ದನು.

ಅಣ್ಣ ಮನೆಯ ಜಗಲಿಯಲ್ಲಿ ಕಾದಿದ್ದರು. ನಡುಮನೆಯಲ್ಲಿ ಚಿತ್ರವನ್ನು ನಿಲ್ಲಿಸಿ ಮುಸುಕನ್ನು ತೆಗೆದಾಗ ಮೊದಲು ಎಣ್ಣೆಯ ವಾಸನೆಗೆ ಮುಖವನ್ನು ಚಾಚಿದರು. ಆಮೇಲೆ ಹಿಂದಿನಂತೆ ಎಡದಿಂದ ಆರಂಭಿಸಿದರು. ಈ ಎರಡು ತಿಂಗಳಲ್ಲಿ ಬೆಳಕು ಇನ್ನಷ್ಟು ಕುಗ್ಗಿತ್ತು. ಹೊಳೆಯ ಮೇಲೆ ಬಹಳ ಹೊತ್ತು ನಿಂತು, “ಹೂಂ, ಹೊಸನೀರು,” ಎಂದರು. ಕಂಬಗಳನ್ನು ಎಣಿಸುವಂತೆ ತುಟಿ ಅಲುಗಿತು. ಗಾಡಿಯನ್ನು ದಾಟಿದರು. ಕೊನೆಗೆ ಬರುವ ಹೊತ್ತಿಗೆ ದಾರಿ ತಪ್ಪಿ, ಮತ್ತೆ ಹಿಂದಕ್ಕೆ ಹೋಗಿ, ಮತ್ತೆ ಬಂದರು. ಮೇಷ್ಟರು ಅವರ ತೋರುಬೆರಳನ್ನು ಹಿಡಿದು ಆ ಜಾಗಕ್ಕೆ ಒಯ್ದರು.

“ಬಣ್ಣ ಹಸಿ ಇದೆ ಅಣ್ಣಯ್ಯ, ಮುಟ್ಟಬೇಡಿ.”

ಅಣ್ಣ ಮುಟ್ಟಿದರು. ಬೆರಳನ್ನು ಒತ್ತಲಿಲ್ಲ; ಮಲಗಿದವರ ಹಣೆಯನ್ನು ಮುಟ್ಟಿ ನೋಡುವಂತೆ ಇಟ್ಟು ತೆಗೆದರು. “ಮುಖ ಬರೆದಿಲ್ಲ ಅಲ್ಲವೇ?” ಎಂದರು.

“ಇಲ್ಲ.”

“ಆಗಲಿ. ಅಷ್ಟು ದೂರಕ್ಕೆ ಕಾಣುತ್ತಲೂ ಇರಲಿಲ್ಲ.”

ಬೆರಳಿನ ಬಣ್ಣವನ್ನು ಒರಸಲು ಮೇಷ್ಟರು ಟರ್ಪೆಂಟೈನಿನ ಬಟ್ಟೆಯನ್ನು ಹುಡುಕಿದರು, ಬೆಂಗಳೂರಿನಲ್ಲಿಯೇ ಮರೆತುಬಂದಿದ್ದರು. ಕ್ಯಾನ್ವಾಸಿನಲ್ಲಿ ಮಸುಕು ಒಂದಿಷ್ಟು ಕದಡಿ ಪಕ್ಕಕ್ಕೆ ಹರಡಿತ್ತು. ಅದನ್ನು ಅವರು ಮತ್ತೆ ತಿದ್ದಲಿಲ್ಲ. ಮರುದಿನ ಅಮಾವಾಸ್ಯೆ. ಎಂದಿನಂತೆ ಹೊಸ ಪಂಚೆ ಅಂಗಿಗಳನ್ನು ಮಡಿಸಿಟ್ಟು, ಅವುಗಳ ಹಿಂದೆ ಸೇತುವೆಯ ಚಿತ್ರವನ್ನು ಒರಗಿಸಿ, ಬಾಳೆಯೆಲೆಯ ಮೇಲೆ ಎಡೆಯನ್ನು ಹಾಕಿದರು. ಅನ್ನವನ್ನು ಬಡಿಸುತ್ತಿದ್ದ ಹಿರಿಯರ ಬೆರಳಿನ ತುದಿಯಲ್ಲಿ ನೀಲಿ ಇನ್ನೂ ಇತ್ತು.